ಹೆಚ್ಚುವರಿ ಪರಿಹಾರ

ನೀರು ಬರೂಕಿಂತ ಮೊದಲ ಅಳತಿ ಬಂತಂತ.
ಹಳೇ ಬಾಗಲಕೋಟಿಯ ನಮ್ಮ ಮನಿಗೆ
ಟೇಪು ಹಿಡಕೊಂಡು ಇಬ್ಬರು ಬಂದು
ಪಡಸಾಲಿ ಇಷ್ಟು ಫೂಟು, ಅಡಗಿಮನಿ ಇಷ್ಟು,
ಹಿತ್ತಲದ ಬೇವಿನಗಿಡಕ್ಕ ಸುತ್ತು ಹಾಕಿ
ಅದಕ್ಕೂ ಒಂದು ದರ ಬರಕೊಂಡು
ಬಾಗಿಲ ಚೌಕಟ್ಟಿನ ಮ್ಯಾಲೆ
ಬಿಳಿ ಬಣ್ಣದಾಗ ನಂಬರ ಬರದು ಹ್ವಾದರಂತ.

ಬಂದ ರೊಕ್ಕ ಸಾಲಲಿಲ್ಲ ಅಪ್ಪಗ.
ಹನ್ನೆರಡು ವರ್ಷ ಕೋರ್ಟಿಗೆ ಅಡ್ಡಾಡಿದ.
ಹೆಚ್ಚುವರಿ ಪರಿಹಾರ:
ನಾನು ಕೂಡಿಸಿ ಓದಿದ ಮೊದಲ ದೊಡ್ಡ ಶಬ್ದ ಅದು,
ಅವನ ಕೆಂಪು ರಟ್ಟಿನ ಫೈಲಿನ ಮ್ಯಾಲೆ.
ಸಾಲಿ ಬಿಟ್ಟ ಮ್ಯಾಲೆ ನಾನೂ ಚಿದಾನಂದನೂ
ಬುತ್ತಿ ಒಯ್ತಿದ್ದಿವಿ. ಬೇವಿನಗಿಡಕ್ಕ ಹೆಚ್ಚಿಗಿ ಬಂತು ಅಂದ ದಿನ
ಅಪ್ಪ ಇಬ್ಬರಿಗೂ ಗಿರಮಿಟ್ಟು ಕೊಡಿಸಿದ.

ಕಟ್ಟಡ ಬ್ಯಾರೆ, ನವನಗರದ್ದು. ಬೆಂಚು ಮಾತ್ರ ಅದ ಅನಸ್ತೈತಿ.
ಅರ್ಜಿದಾರಳು ನಾನು, ಶಾಕಾಂಬರಿ, ವಯಾ ಇಪ್ಪತ್ತಾರು.
ಎದುರುದಾರ ದುಂಡಪ್ಪ ಮುತ್ತಲಗೇರಿ, ಸೆಕ್ಟರ್ ನಲವತ್ತೇಳು,
ಎರಡು ಮಹಡಿ, ಕೆಳಗ ಬಾಡಿಗಿಗೆ ಭಾಂಡೆ ಅಂಗಡಿ,
ಅವ್ವನ ವರ್ಷಾಂತಿಕಕ್ಕೂ ಮೊದಲ ಬಂದ ಹೊಸ ಹೆಂಡತಿ.
ನಾನು ಗುಳೇದಗುಡ್ಡದಾಗ, ಸೋದರಮಾವನ ಹಿಂದಿನ ಕೋಣ್ಯಾಗ,
ಅವ್ವನ ಹೊಲಿಗಿ ಮಷಿನ್ನಿನ ಜೋಡಿ.

ಅಪ್ಪನ ವಕೀಲರು ಟೇಪು ಇಲ್ಲದನ ಅಳಿಯಾಕ ಹತ್ತಿದರು.
ತಿಂಗಳಿಗೆ ಎಷ್ಟು ಜಂಪರ್ ಹೊಲೀತೀರಿ?
ಖಣದ್ದಕ್ಕ ಎಷ್ಟು? ಸಾದಾಕ್ಕ ಎಷ್ಟು?
ಬಿ.ಎ. ಮುಗಿಸೀರಿ, ನೌಕರಿ ಯಾಕ ಹುಡುಕಲಿಲ್ಲ?
ಇಳಕಲ್ಲಿನ ವರಾ ಬಂದಿತ್ತಲ್ಲ, ಯಾಕ ಬ್ಯಾಡ ಅಂದ್ರಿ?
(ಬ್ಯಾಡ ಅಂದವರು ಅವರು. ಬಂಗಾರ ಎಷ್ಟು ತೊಲಿ ಅಂತ ಕೇಳಿ,
ಮಾವನ ಮಾರಿ ನೋಡಿ, ಚಾ ಮುಗಿಸಿ ಎದ್ದು ಹ್ವಾದರು.
ಇದನ್ನೂ ಹೇಳಿದೆ. ಸಾಹೇಬರು ಬರಕೊಳ್ರಿ ಅನ್ನಲಿಲ್ಲ.)

ಚಿದಾನಂದ ಹೊರಗ ನಿಂತಿದ್ದ, ಉಗುರಿನ ಸಂದ್ಯಾಗ ಗ್ಯಾರೇಜಿನ ಗ್ರೀಸು.
ನನಗಿಂತ ಒಂಬತ್ತು ನಿಮಿಷ ಸಣ್ಣಾವ.
ಅರ್ಜ್ಯಾಗ ಅವನ ಹೆಸರಿಲ್ಲ.
ಬೆನ್ನೂರ ವಕೀಲಬಾಯಿ ಮೊದಲ ದಿನನ ಹೇಳಿದ್ದರು:
ಜೀವನಾಂಶದ ಲೆಕ್ಕದಾಗ ಗಂಡುಮಗ
ಹದಿನೆಂಟು ತುಂಬಿದ ರಾತ್ರಿ ತೀರಿಹೋಗತಾನ.
ಹೆಣ್ಣುಮಗಳಿಗೆ, ತನ್ನ ಗಳಿಕಿ ಸಾಲದಿದ್ದರ,
ಲಗ್ನ ಆಗೂತನಕ ಹಸಿವು ಇರತೈತಿ.
ಚಿದಾನಂದ ನಕ್ಕಿದ್ದ:
‘ಅಂದ್ರ ಎಂಟು ವರ್ಷ ನಾ ಹಸದದ್ದು ಕಾಯ್ದೆಬಾಹಿರ.’

ಆದೇಶ ಕಡೀ ಪುಟದಾಗ ಇತ್ತು.
ತಿಂಗಳಿಗೆ ನಾಲ್ಕು ಸಾವಿರ, ವಿವಾಹ ಆಗುವವರೆಗೆ.
‘ಆಗುವವರೆಗೆ’ ಮ್ಯಾಲೆ ಬಟ್ಟು ಇಟ್ಟು ನಿಂತೆ.
ಮುಳಗೂ ಊರಿಗೆ ಗೊತ್ತು ಮಾಡಿದ ತಾರೀಖಿನಂಗ ಕಂಡಿತು.

ವರಾಂಡದಾಗ ಅಪ್ಪ. ಮೂರು ವರ್ಷ ಮಾತಿಲ್ಲ.
‘ತಾ ಇಲ್ಲೆ’ ಅಂದ. ಕೊಟ್ಟೆ.
ಕನ್ನಡಕ ಏರಿಸಿ, ಅಡಿಕಿ ಒಂದ ಗಲ್ಲಕ್ಕ ಸರಿಸಿ,
ಒಂದೊಂದ ಸಾಲಿನ ಕೆಳಗ ಉಗುರು ಎಳಕೋತ ಓದಿದ,
ಹಿಂದಕ್ಕ ಆ ಫೈಲು ಓದತಿದ್ದಂಗ.
‘ಬಾಡಿಗಿ ಹಿಡದಿಲ್ಲ ಇವರು’ ಅಂದ.
‘ಅಂಗಡೀದು ಪೂರಾ ಬಿಟ್ಟಾರ. ಇಷ್ಟಕ್ಕ ಒಪ್ಪಬ್ಯಾಡ.
ಧಾರವಾಡಕ್ಕ ಮೇಲ್ಮನವಿ ಹಾಕು. ಹೆಚ್ಚಿಗಿ ಬರತೈತಿ.’

ಯಾರ ಮ್ಯಾಲೆ ಅನ್ನೂದು
ಮಾತು ಮುಗದ ಮ್ಯಾಲೆ ಹೊಳೀತೇನೋ.
ಹಾಳಿ ಮಡಚಿದ, ನಾಲ್ಕು ಮಡಿಕಿ, ಚೊಕ್ಕ.
ನನ್ನ ಕೈಯಾಗ ಇಡಲಿಲ್ಲ, ಬೆಂಚಿನ ಮ್ಯಾಲೆ ಇಟ್ಟ.

ಸಂಜಿಕ ಚಿದಾನಂದ ಯಾವದೋ ಗಿರಾಕಿಯ ಬೈಕ ಮ್ಯಾಲೆ
ಹಳೇ ಊರಿನ ಅಂಚಿಗೆ ಕರಕೊಂಡು ಹ್ವಾದ.
ಬ್ಯಾಸಿಗಿ. ಹಿನ್ನೀರು ಇಳದಿತ್ತು.
ಸೀಳಿದ ರಾಡ್ಯಾಗ ಅರ್ಧ ಗ್ವಾಡಿಗೋಳು, ಒಂದು ಒರಳು,
ದೂರ ಒಂದು ಬೊಡ್ಡಿ, ನಮ್ಮದ ಇರಬೇಕು, ಅಲ್ಲದನೂ ಇರಬೇಕು.
‘ಅದಕ್ಕ ಎಷ್ಟು ಬಂದಿತ್ತಲೇ?’ ಅಂದ.
ನನಗ ನೆನಪಿತ್ತು. ಹೇಳಲಿಲ್ಲ.
‘ನಾಲ್ಕರಾಗ ಎರಡು ಸಾವಿರ ನಿನ್ನವು’ ಅಂದೆ.
‘ಕಾಯ್ದೆ ಒಪ್ಪೂದಿಲ್ಲವಾ’ ಅಂದ,
ಗಾಡಿಗೆ ಕಿಕ್ ಹೊಡದ. ಚಾಲೂ ಆಗಲಿಲ್ಲ.
ಮತ್ತೊಮ್ಮಿ ಹೊಡದ.